ಡ್ರ್ಯಾಗನ್ ಕೊಂದರೆ ಕೂಲಿ ಎಷ್ಟು?

ನಾಯಕನಹಟ್ಟಿಯಲ್ಲಿ ಏನನ್ನೇ ಕೊಳ್ಳಬೇಕಾದರೂ ಕೊಳ್ಳುವವನಿಗಿಂತ ಕೊಳ್ಳದವರ ಜವಾಬ್ದಾರಿ ದೊಡ್ಡದು. ಒಬ್ಬ ಎತ್ತು ತಂದರೆ ನಾಲ್ಕು ಜನ ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಇನ್ನಿಬ್ಬರು ಬೆನ್ನು ತಡವಿ ಸುಳಿ ಹುಡುಕುತ್ತಾರೆ, ಮತ್ತೊಬ್ಬ ಹತ್ತಿರಕ್ಕೂ ಬಾರದೆ "ನಡಿಗೆ ಸರಿ ಇಲ್ಲ" ಎಂದು ತೀರ್ಪು ಕೊಟ್ಟು ಟೀ ಕುಡಿಯಲು ಹೋಗುತ್ತಾನೆ. ಟ್ರ್ಯಾಕ್ಟರಿಗೂ ಇದೇ ಕ್ರಮ, ಬೋರ್‌ವೆಲ್ ಪಾಯಿಂಟಿಗೂ ಇದೇ, ಸಂಬಂಧ ಕುದುರಿಸುವುದಕ್ಕೂ ಇದೇ. ಇಂಥ ಊರಿಗೆ ನನ್ನ ಅಕ್ಕನ ಮಗ ಹಲ್ಲೂ ಸುಳಿಯೂ ಇಲ್ಲದ ಒಂದು ವಸ್ತುವಿನ ಮಾತು ತಂದು ಎಲ್ಲರನ್ನೂ ಕಂಗಾಲು ಮಾಡಿದ.

ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ. ಬೆಂಗಳೂರಿನಲ್ಲಿರುವ ಅವನ ದೊಡ್ಡಪ್ಪನ ಮಗ ಹೊಸ ಯಂತ್ರ ಕೊಂಡು, ತನ್ನ ಹಳೆಯ ನಿಂಟೆಂಡೊ ಸ್ವಿಚ್ಚನ್ನು ಇವನಿಗೆ ದಾಟಿಸಿದ್ದ. ಎರಡು ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಕೂತು ಆಡುವ ಯಂತ್ರ ಅದು. ಯಂತ್ರ ಪುಕ್ಕಟೆ ಬಂತು, ಬೇಕಾದ ಆಟ ಪುಕ್ಕಟೆ ಬರಲಿಲ್ಲ. ಇವನಿಗೆ ಬೇಕಾಗಿದ್ದದ್ದು 'ಡ್ರ್ಯಾಗನ್ ಕ್ವೆಸ್ಟ್ 11 ಎಸ್'. ಜಪಾನಿನ ಯೂಜಿ ಹೋರಿಯಿ ಎಂಬವರು 1986ರಲ್ಲಿ ಶುರು ಮಾಡಿದ ಆಟಗಳ ಸರಣಿಯ ಹನ್ನೊಂದನೆಯದು, ಸ್ವಿಚ್ಚಿಗೆ 2019ರ ಸೆಪ್ಟೆಂಬರಿನಲ್ಲಿ ಬಂದದ್ದು. ಒಬ್ಬ ಹಳ್ಳಿ ಹುಡುಗನ ವೇಷ ಹಾಕಿಕೊಂಡು, ಊರೂರು ಸುತ್ತಿ, ರಾಕ್ಷಸರನ್ನು ಬಡಿದು, ಶಕ್ತಿ ಬೆಳೆಸಿಕೊಂಡು, ಕೊನೆಗೆ ಲೋಕ ಕಾಯಬೇಕು. ಆ ಲೋಕರಕ್ಷಣೆಯ ಬೆಲೆ ನಾಲ್ಕೂವರೆ ಸಾವಿರ ರೂಪಾಯಿ.

"ನಾಲ್ಕೂವರೆ ಸಾವ್ರಕ್ಕೆ ಬರ್ತೈತಾ ಅದು?" ಎಂದರು ಭಾವ. ಇದು ಪ್ರಶ್ನೆಯಲ್ಲ, ಉತ್ತರ. ಆದರೂ ಶೇಂಗಾ ಕಿತ್ತು ಮುಗಿದ ಕಾಲ, ಯಾರಿಗೂ ಕೆಲಸವಿರಲಿಲ್ಲ. ವಿಚಾರಣೆ ಬಸ್ ನಿಲ್ದಾಣದ ಮಂಡಕ್ಕಿ ಹೋಟೆಲಿಗೆ ವರ್ಗವಾಯಿತು.

ಮೊದಲ ಅನುಮಾನ ರಮ್ಮಿಯದು. ಮೊಬೈಲಿನಲ್ಲಿ ದುಡ್ಡು ಹಾಕಿ ದುಡ್ಡು ಕಳೆದುಕೊಳ್ಳುವುದಕ್ಕೇ ನಮ್ಮ ಕಡೆ 'ಗೇಮ್' ಎಂದು ಹೆಸರಾಗಿ ಕೆಲವು ವರ್ಷವಾಯಿತು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧವನ್ನು ಕಿತ್ತು ಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಕಾಯ್ದೆ ಮಾಡಿ ಮತ್ತೆ ನಿಷೇಧಿಸಿತು. ಹೊಲ ಅಡ ಇಟ್ಟವನು ಈ ಮೂರೂ ಕಾಲದಲ್ಲಿ ಸಮಾನವಾಗಿ ಸೋತ. ಇದು ಆ ಜಾತಿಯದಲ್ಲ, ಇಲ್ಲಿ ಪಣವಿಲ್ಲ, ಗೆದ್ದರೂ ಒಂದು ಪೈಸೆ ಬರುವುದಿಲ್ಲ ಎಂದು ಹುಡುಗ ಬಿಡಿಸಿ ಹೇಳಿದ. ಅದು ಅವನಿಗೇ ಮುಳುವಾಯಿತು. "ಗೆದ್ರೂ ದುಡ್ಡಿಲ್ಲ ಅಂದ್ರೆ ಇನ್ನ ಯಾಕ್ಲಾ ಆಡ್ತೀಯ?" ಎಂದು ಹೋಟೆಲಿನ ಮೂರು ಮೇಜುಗಳು ಒಟ್ಟಿಗೆ ಕೇಳಿದವು. ಕಳೆದುಕೊಳ್ಳುವ ಆಟ ತಪ್ಪು, ಕಳೆದುಕೊಳ್ಳುವ ಭಯವೇ ಇಲ್ಲದ ಆಟ ಅದಕ್ಕಿಂತ ತಪ್ಪು.

ಎರಡನೆಯದು ಪರೀಕ್ಷೆ. ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ ಹೇಗೆ ನಡೆಯುತ್ತದೋ ಹಾಗೆ: ಚೀಲಕ್ಕೆ ಕೈ ಹಾಕು, ನಾಲ್ಕು ಕಾಯಿ ಒಡೆ, ಬಾಯಿಗೆ ಹಾಕು, ಆಮೇಲೆ ರೇಟು. ಎಣ್ಣೆ ಗಾಣಗಳ ಊರಿನ ಪಕ್ಕದಲ್ಲಿ ಬದುಕಿದವರು ಬೇರೆ ಪರೀಕ್ಷೆ ನಂಬುವುದಿಲ್ಲ. ಯಂತ್ರದ ಜೊತೆ ಬಂದಿದ್ದ ಹಳೆಯ ಕಾರ್ ಓಟದ ಆಟದ ಕಾರ್ಟ್ರಿಡ್ಜನ್ನು ಹುಡುಗ ತೋರಿಸಿದ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಭಾವ ಅದನ್ನು ತಿರುಗಿಸಿ ನೋಡಿದರು, ಮೂಸಿದರು, ನಾಲಗೆಯ ತುದಿಗೆ ಮುಟ್ಟಿಸಿದರು. ಮುಖ ಹುಳ್ಳಗಾಗಿ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ಚಿಕ್ಕಮಕ್ಕಳು ನುಂಗಬಾರದೆಂದು ನಿಂಟೆಂಡೊದವರು ಅದಕ್ಕೆ ಬೇಕೆಂದೇ ವಿಪರೀತ ಕಹಿ ಮದ್ದು ಲೇಪಿಸಿರುತ್ತಾರೆ. ಗ್ರಾಹಕ ನೆಕ್ಕಿ ನೋಡುತ್ತಾನೆಂದು ಮೊದಲೇ ಊಹಿಸಿದ ಕಂಪನಿಗೆ ಚಳ್ಳಕೆರೆಯ ಪರಿಚಯ ಇರಲೇಬೇಕು.

ಆಮೇಲೆ ಹುಡುಗ ತನ್ನ ಬ್ರಹ್ಮಾಸ್ತ್ರ ತೆಗೆದ. ಈ ಆಟದ ಕಥೆ ಮುಗಿಸಲು ಸುಮಾರು ಅರವತ್ತು ಗಂಟೆ ಬೇಕು, ಸಂದಿಗೊಂದಿ ಎಲ್ಲ ಹುಡುಕಿ ಆಡಿದರೆ ನೂರು. ನಾಲ್ಕೂವರೆ ಸಾವಿರವನ್ನು ಅರವತ್ತಕ್ಕೆ ಭಾಗಿಸಿದರೆ ಗಂಟೆಗೆ ಎಪ್ಪತ್ತೈದು ರೂಪಾಯಿ. ಸಿನಿಮಾಕ್ಕಿಂತ ಅಗ್ಗ! ಆಟ ಕೊಳ್ಳುವವರ ಲೋಕದಲ್ಲಿ ಎಲ್ಲರೂ ಜಪಿಸುವ ಮಂತ್ರ ಇದು: ಎಷ್ಟು ಗಂಟೆ ಆಡಿಸುತ್ತದೆ ಎನ್ನುವುದೇ ಅದರ ಬೆಲೆ. ನನಗೆ ಈ ಲೆಕ್ಕ ಮೊದಲಿನಿಂದಲೂ ಹಿಡಿಸಿಲ್ಲ. ಉದ್ದವಾದದ್ದೆಲ್ಲ ಲಾಭವಾದರೆ ನಮ್ಮ ತಾಲ್ಲೂಕಿನಲ್ಲಿ ಅತಿ ಲಾಭದ ಬಾಬತ್ತು ಅಣ್ಣತಮ್ಮಂದಿರ ಪಾಲಿನ ದಾವೆ. ವಕೀಲರ ಫೀಸನ್ನು ವಾಯಿದೆಗಳಿಗೆ ಭಾಗಿಸಿ ನೋಡಿ, ಅಷ್ಟು ಅಗ್ಗದ ಮನರಂಜನೆ ಭೂಮಿಯ ಮೇಲಿಲ್ಲ.

ಆದರೆ ಲೆಕ್ಕ ಎತ್ತಿದ ಮೇಲೆ ಅದನ್ನು ಎಲ್ಲರ ಮೇಲೂ ಹಾಕಬೇಕಲ್ಲ. ಭಾವ ಹೋದ ವರ್ಷ 'ಕುರುಕ್ಷೇತ್ರ' ನಾಟಕದಲ್ಲಿ ದುರ್ಯೋಧನ ಮಾಡಿದ್ದರು. ಇಡೀ ದುರ್ಯೋಧನ ಅಲ್ಲ. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರಕ್ಕೆ ನಟನೇ ದುಡ್ಡು ಕಟ್ಟಬೇಕು. ಕಟ್ಟುವವರು ಜಾಸ್ತಿ ಇದ್ದಾಗ ಒಂದೇ ಪಾತ್ರವನ್ನು ಅಂಕಕ್ಕೊಬ್ಬರಂತೆ ಹಂಚುತ್ತಾರೆ. ಮೊದಲ ಅಂಕದಲ್ಲಿ ಸಣ್ಣಗಿದ್ದ ಕೃಷ್ಣ ಎರಡನೆಯ ಅಂಕಕ್ಕೆ ದಪ್ಪಗಾಗಿ ಮೀಸೆ ಬಿಟ್ಟುಕೊಂಡು ಬಂದರೂ ಯಾರೂ ಬೆರಗಾಗುವುದಿಲ್ಲ. ಭಾವನದು ಎರಡನೆಯ ದುರ್ಯೋಧನ. ಇಪ್ಪತ್ತು ಸಾವಿರ ಕಟ್ಟಿದ್ದರು, ಮೂರು ತಿಂಗಳು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿತಿದ್ದರು. ರಂಗದ ಮೇಲೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಗಂಟೆಗೆ ಇಪ್ಪತ್ತಾರು ಸಾವಿರದ ಮೇಲೆ ಬಿತ್ತು. ಬಾಡಿಗೆ ಕಿರೀಟ, ಮಿಣುಕುವ ಬಲ್ಬು, 'ಒನ್ಸ್ ಮೋರ್' ಕೂಗಲು ಕರೆತಂದ ನೆಂಟರ ಊಟ ಬೇರೆ. ಆಗ "ಬರ್ತೈತಾ ಅದು?" ಎಂದು ಯಾರೂ ಕೇಳಲಿಲ್ಲ. ಅಕ್ಕ ಕೇಳಿದ್ದಳಂತೆ, ಅದು ಲೆಕ್ಕಕ್ಕಿಲ್ಲ.

ಹುಡುಗ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವನಿಗೆ ಮನೆಯಲ್ಲಿ ಊಟ ಆಗಬೇಕು. ನಾನು ಹೇಳಿದೆ. ಭಾವ ನಕ್ಕರು. "ಅದು ಕಲೆ ಕಣಪ್ಪ. ಎಲ್ರ ಎದ್ರಿಗೆ ಎದೆ ಕೊಟ್ಟು ನಿಂತ್ಕಬೇಕು. ಇದು ಮೂಲ್ಯಾಗೆ ಕುಂತ್ಕಂಡು ಬಟನ್ ಒತ್ತಾದು." ವಾದದಲ್ಲಿ ಸತ್ಯವಿದೆ. ವೇಷ ಎರಡೂ ಕಡೆ ಇದೆ, ಕತ್ತಿ ಎರಡೂ ಕಡೆ ರಟ್ಟಿನದೇ, ದುಡ್ಡು ಎರಡೂ ಕಡೆ ಆಡುವವನದೇ. ವ್ಯತ್ಯಾಸ ಇಷ್ಟೇ: ಒಂದರಲ್ಲಿ ನೋಡುವವರಿದ್ದಾರೆ. ನಮ್ಮೂರಲ್ಲಿ ನೋಡುವವರಿಲ್ಲದ ಖರ್ಚಿಗೆ ದುಂದು ಎನ್ನುತ್ತಾರೆ, ನೋಡುವವರಿರುವ ದುಂದಿಗೆ ಸೇವೆ ಎನ್ನುತ್ತಾರೆ.

ಪಾತ್ರದ ಮಾತು ಬಂದದ್ದರಿಂದ ಅಲ್ಲೇ ಕೂತಿದ್ದ ಹಾರ್ಮೋನಿಯಂ ಮೇಷ್ಟ್ರಿಗೆ ಆಸಕ್ತಿ ಹುಟ್ಟಿತು. ಸುತ್ತ ಹತ್ತು ಹಳ್ಳಿಗೆ ದುರ್ಯೋಧನರನ್ನು ಸರಬರಾಜು ಮಾಡಿದ ಮನುಷ್ಯ ಅವರು. "ಕಥೆ ಏನಪ್ಪ ಹೇಳು" ಎಂದರು. ಹುಡುಗ ಹೇಳಿದ: ಹಸುಗೂಸೊಂದು ಬುಟ್ಟಿಯಲ್ಲಿ ಹೊಳೆಯ ಪಾಲಾಗಿ ತೇಲಿ ಬರುತ್ತದೆ, ಹಳ್ಳಿಯ ಮುದುಕನೊಬ್ಬ ಎತ್ತಿಕೊಂಡು ಸಾಕುತ್ತಾನೆ, ದೊಡ್ಡವನಾದ ಮೇಲೆ ತಾನು ಯಾರೆಂದು ತಿಳಿಯುತ್ತದೆ. ಮೇಷ್ಟ್ರು ಮಂಡಕ್ಕಿ ತಟ್ಟೆ ಸರಿಸಿದರು. "ಕರ್ಣನ ಕಥೆ ಕದ್ದವ್ರೆ ಕಣ್ರಯ್ಯ!" ಜಪಾನಿನ ಮೇಲೆ ಕೇಸು ಹಾಕಬಹುದೇ ಎಂದು ಐದು ನಿಮಿಷ ಚರ್ಚೆಯಾಯಿತು. ಮುಂದಿನ ಭಾಗ ಹುಡುಗನ ಅಜ್ಜಿಗೆ ಹಿಡಿಸಿತು (ಅವರು ಮಾತ್ರೆ ತರಲು ಬಂದವರು, ವಿಷಯ ರುಚಿಸಿ ಕೂತಿದ್ದರು). ಲೋಕ ಕಾಯುವವನು ತಾನೇ ಎಂದು ಹಳ್ಳಿಯ ಹಿರಿಯರು ಹೇಳಿದ್ದನ್ನು ನಂಬಿ ಆ ಹುಡುಗ ನೇರ ರಾಜನ ಹತ್ತಿರ ಹೋಗಿ ಗುರುತು ಹೇಳಿಕೊಳ್ಳುತ್ತಾನೆ. ರಾಜ ಅವನನ್ನು ಹಿಡಿದು ಸೆರೆಮನೆಗೆ ಹಾಕಿಸುತ್ತಾನೆ. "ಮತ್ತೆ? ತಾಲ್ಲೂಕಾಫೀಸಿಗೆ ನಿಜ ಹೇಳಾಕೆ ಯಾರ್ ಹೋಗಂದ್ರು ಅವ್ನಿಗೆ?" ಎಂದರು ಅಜ್ಜಿ. ಈ ಆಟದ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದೇ ಶ್ರೇಷ್ಠ.

ಮೇಷ್ಟ್ರಿಗೆ ಕಂಡ ದೋಷ ಬೇರೆ. ಕಥಾನಾಯಕ ಬಾಯಿ ಬಿಡುವುದಿಲ್ಲ. ಜೊತೆಗಾರರೆಲ್ಲ ಮಾತಾಡುತ್ತಾರೆ, ಇವನು ತಲೆಯಾಡಿಸುತ್ತಾನೆ. ಸ್ವಗತವಿಲ್ಲ, ಕಂದಪದ್ಯವಿಲ್ಲ, ತೊಡೆ ತಟ್ಟುವುದಿಲ್ಲ. "ಇಂಥ ಪಾತ್ರಕ್ಕೆ ಐನೂರೂ ಕಟ್ಟಾಕಿಲ್ಲ ನಮ್ಮ ಜನ." ಆದರೆ ಇಂಗ್ಲಿಷ್ ಆವೃತ್ತಿಯಲ್ಲಿ ಹೊಟ್ಟೊ ಎಂಬ ಒಂದು ಊರಿದೆ, ಅಲ್ಲಿಯ ಜನ ಆಡುವ ಮಾತೆಲ್ಲ ಹೈಕು ಪದ್ಯದಲ್ಲೇ ಎಂದು ತಿಳಿದಾಗ ಸ್ವಲ್ಪ ಮೆತ್ತಗಾದರು. ಪದ್ಯದಲ್ಲೇ ಉಪ್ಪು ಮೆಣಸು ಕೇಳುವ ಊರು ಇನ್ನೂ ಇದೆಯಲ್ಲ ಎಂಬ ಸಮಾಧಾನ.

ನಿವೃತ್ತ ಹೆಡ್‌ಮಾಸ್ಟರೊಬ್ಬರು ಮಾತ್ರ ಜಗ್ಗಲಿಲ್ಲ. ಚಟ ಹತ್ತುತ್ತದೆ, ಓದು ಹಾಳು. ಅವರ ಪರವಾಗಿ ನಾನೇ ಒಂದು ಸಾಕ್ಷಿ ಒದಗಿಸಿದೆ: ಇದೇ ಸರಣಿಯ ಮೂರನೆಯ ಆಟ ಜಪಾನಿನಲ್ಲಿ ಬಂದದ್ದು 1988ರ ಫೆಬ್ರವರಿ 10, ಬುಧವಾರ. ಶಾಲೆಗೆ ಚಕ್ಕರ್ ಹೊಡೆದು ಅಂಗಡಿ ಮುಂದೆ ಸಾಲು ನಿಂತ ಸುಮಾರು 300 ಮಕ್ಕಳು ಪೊಲೀಸರ ಕೈಗೆ ಸಿಕ್ಕಿಬಿದ್ದರು. ಮುಂದೆ ಈ ಸರಣಿಯನ್ನು ರಜಾದಿನ ನೋಡಿಯೇ ಬಿಡುಗಡೆ ಮಾಡುವ ಪದ್ಧತಿ ಬಂತು, ಹನ್ನೊಂದನೆಯದು ಅಲ್ಲಿ ಬಂದದ್ದೂ ಶನಿವಾರವೇ. ಹೆಡ್‌ಮಾಸ್ಟರು ಗೆದ್ದ ಮುಖ ಮಾಡಿದರು. ನಮ್ಮ ನಾಯಕನಹಟ್ಟಿಯ ಪರಿಷೆಯ ದಿನ ತಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಇರುತ್ತಿದ್ದರು ಎಂದು ಕೇಳಿದ್ದಕ್ಕೆ, ಅದು ದೇವರ ಕಾರ್ಯ ಎಂದರು.

ದೇವರ ಕಾರ್ಯ ನಿಜ. ಆ ಪರಿಷೆಯಲ್ಲಿ, ಫಾಲ್ಗುಣದಲ್ಲಿ, ನಮ್ಮೂರಿನ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವಾಗ ಜನ ಬಾಳೆಹಣ್ಣು ಎಸೆಯುತ್ತಾರೆ, ಹರಕೆ ಹೊತ್ತವರು ಕೊಬ್ಬರಿ ಸುಡುತ್ತಾರೆ, ಸುಟ್ಟ ಕೊಬ್ಬರಿಯ ಹೊಗೆ ಊರಿಗೆಲ್ಲ ಹಬ್ಬುತ್ತದೆ. ತೇರಿನ ಮುಕ್ತಿ ಬಾವುಟ ಹರಾಜಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆ ಹರಾಜು ಅರ್ಧ ಕೋಟಿ ದಾಟಿದೆ, ಹಿಡಿದವರಲ್ಲಿ ರಾಜಕಾರಣಿಗಳೂ ಇದ್ದಾರೆ. ಭಕ್ತಿಗೆ ಬೆಲೆ ಕಟ್ಟುವ ಧೈರ್ಯ ನನಗಿಲ್ಲ, ಇರಬಾರದು ಕೂಡ. ಆದರೆ ಅರ್ಧ ಕೋಟಿಯನ್ನು ಎಷ್ಟು ಗಂಟೆಗೆ ಭಾಗಿಸಬೇಕು ಎಂದು ಆ ದಿನ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಅದೇ ಪರಿಷೆಯಲ್ಲೇ ನಮ್ಮೂರಿಗೆ ಕೈಯಾಟದ ಯಂತ್ರಗಳು ಮೊದಲು ಬಂದದ್ದು. ನೀರು ತುಂಬಿದ ಡಬ್ಬಿ, ಬಟನ್ ಒತ್ತಿದರೆ ಬಣ್ಣದ ಬಳೆಗಳು ಎದ್ದು ಕಡ್ಡಿಗೆ ಸಿಕ್ಕಿಕೊಳ್ಳಬೇಕು. ಆಮೇಲೆ ಬ್ರಿಕ್ ಗೇಮ್. ಅದರ ಮೈಮೇಲೆ '9999 ಆಟಗಳು' ಎಂದು ಬರೆದಿರುತ್ತಿತ್ತು. ಒಳಗೆ ಇಟ್ಟಿಗೆ ಜೋಡಿಸುವುದೂ ಇನ್ನೊಂದೆರಡೂ ಬಿಟ್ಟರೆ ಉಳಿದದ್ದೆಲ್ಲ ಅದೇ ಆಟದ ವೇಗ ಬದಲಾದ ನಕಲು. 9999ರ ಭರವಸೆಗೆ ಮೂರು ಆಟ ಕೊಡುವುದನ್ನು ಪ್ರಣಾಳಿಕೆಗಳಿಗಿಂತ ಮುಂಚೆ ನಮಗೆ ಕಲಿಸಿದ್ದು ಆ ಯಂತ್ರ. ಆಗಲೂ ಯಾರೂ 'ಬರ್ತೈತಾ' ಎನ್ನಲಿಲ್ಲ, ಪರಿಷೆಯಲ್ಲಿ ಕೊಂಡದ್ದಕ್ಕೆ ಆ ಪ್ರಶ್ನೆ ಅನ್ವಯಿಸುವುದಿಲ್ಲ.

ಇನ್ನು ಅಸಲು ವಿಷಯ.

ಈ ಆಟದಲ್ಲಿ ಒಂದು ವ್ಯವಸ್ಥೆ ಇದೆ. ದಾರಿಯಲ್ಲಿ ಸಿಕ್ಕ ಒಂದು ಸಣ್ಣ ಭೂತವನ್ನು ಹೊಡೆದರೆ ಅದಕ್ಕಿಷ್ಟು ಅನುಭವದ ಅಂಕ, ಇಷ್ಟು ಚಿನ್ನದ ನಾಣ್ಯ. ಹೊಡೆದ ಕ್ಷಣವೇ ಪರದೆಯ ಮೇಲೆ ಲೆಕ್ಕ ಬರುತ್ತದೆ, ಖಾತೆಗೆ ಜಮೆಯಾಗುತ್ತದೆ. ಅಂಕ ಇಷ್ಟಾದರೆ ಒಂದು ಹಂತ ಮೇಲೆ, ಬಲ ಹೆಚ್ಚು. ಮುಂದಿನ ಹಂತಕ್ಕೆ ಇನ್ನೆಷ್ಟು ಬೇಕು ಎಂದು ಊರಿನ ಗುಡಿಯಲ್ಲಿ ಕೇಳಬಹುದು, ಅಲ್ಲಿಯ ಪೂಜಾರಿ ಒಬ್ಬೊಬ್ಬರ ಬಾಕಿಯನ್ನೂ ಅಂಕಿ ಸಮೇತ ಹೇಳುತ್ತಾನೆ. ಸತ್ತ ಜೊತೆಗಾರನನ್ನು ಕಾಣಿಕೆ ತೆಗೆದುಕೊಂಡು ಎಬ್ಬಿಸಿ ಕೊಡುತ್ತಾನೆ. ಎಷ್ಟೇ ಗಾಯವಾಗಿರಲಿ, ಛತ್ರದಲ್ಲಿ ಒಂದು ರಾತ್ರಿ ಮಲಗಿದರೆ ವಾಸಿ, ಜಿಲ್ಲಾಸ್ಪತ್ರೆಗೆ ಬರೆದು ಕಳಿಸುವ ಪದ್ಧತಿ ಇಲ್ಲ. ಕಥಾನಾಯಕ ಗುರುತಿಲ್ಲದವರ ಮನೆಗೆ ನುಗ್ಗಿ ಮಡಕೆ ಒಡೆದು, ಬೀರು ತೆಗೆದು, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾನೆ, ಮನೆಯವರು ಪಕ್ಕದಲ್ಲೇ ನಿಂತು ಹವಾಮಾನದ ಮಾತಾಡುತ್ತಾರೆ. ಇದೊಂದು ನನಗೆ ಜನಪ್ರತಿನಿಧಿಗಳ ತರಬೇತಿ ಅನ್ನಿಸಿತು. ಉಳಿದಂತೆ ಎಲ್ಲ ಕಟ್ಟುನಿಟ್ಟು.

'ಮಾಡಿದಷ್ಟು ನೀಡು ಭಿಕ್ಷೆ' ಎಂದವರು ನಮ್ಮ ತಿಪ್ಪೇರುದ್ರಸ್ವಾಮಿ. ಜನರನ್ನು ಕೂಡಿಸಿ ಕೆರೆ ಕಟ್ಟಿಸಿದವರೆಂದೇ ಈ ಸೀಮೆ ಅವರನ್ನು ನೆನೆಯುವುದು. ದುಡಿದವನಿಗೆ ದುಡಿದಷ್ಟು, ಹೆಚ್ಚಿಲ್ಲ ಕಡಿಮೆಯಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರದ ಬಂಡೆಗಳ ಮೇಲೆ ಅಶೋಕ ಬರೆಸಿದ್ದೂ ಹೆಚ್ಚುಕಡಿಮೆ ಇದನ್ನೇ: ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಸಿಗುತ್ತದೆ ಎಂದು. ಹೀಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿಗೆ ದುಡಿಮೆಯ ಫಲದ ಭರವಸೆ ಸಿಗುತ್ತಾ ಬಂದಿದೆ. ಬಟವಾಡೆಯ ಕಥೆ ಬೇರೆ.

ಈಗ ಕೆರೆ ಹೂಳು ಎತ್ತುವುದು ಉದ್ಯೋಗ ಖಾತ್ರಿಯಲ್ಲಿ. ಕರ್ನಾಟಕದಲ್ಲಿ 2025–26ಕ್ಕೆ ನಿಗದಿಯಾಗಿದ್ದ ಕೂಲಿ ದಿನಕ್ಕೆ 370 ರೂಪಾಯಿ. ಆಟದ ಬೆಲೆ ಎಂದರೆ ಹನ್ನೆರಡು ದಿನದ ಮಣ್ಣು, ಮೇಲೆ ಅರವತ್ತು ರೂಪಾಯಿ. ಹದಿನೈದು ದಿನದೊಳಗೆ ಕೂಲಿ ಕೊಡಬೇಕೆಂದು ಕಾನೂನು ಹೇಳಿತು. ಕೊಡುವ ಮುಂಚೆ ಹಾಜರಾತಿ ಬೇಕು. 2023ರ ಜನವರಿಯಿಂದ ಅದಕ್ಕೊಂದು ಆ್ಯಪ್ ಕಡ್ಡಾಯವಾಯಿತು: ಬೆಳಿಗ್ಗೆ ಒಂದು ಫೋಟೊ, ಮಧ್ಯಾಹ್ನ ಒಂದು ಫೋಟೊ. ಬೆಳಿಗ್ಗೆ ಪುಟ್ಟಿ ಹೊತ್ತವಳು ಮಧ್ಯಾಹ್ನ ಸಿಗ್ನಲ್ ಇಲ್ಲದ ಕಾರಣಕ್ಕೆ ಹೊತ್ತೇ ಇಲ್ಲ ಎಂದಾಗುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರ, ಊಹಾಲೋಕ, ಪಾತ್ರಾಭಿನಯ, ಮೂರೂ ಇರುವ ಆಟ ನಮ್ಮ ಕೆರೆ ಅಂಗಳದಲ್ಲಿ ಪುಕ್ಕಟೆ ನಡೆಯುತ್ತಿರುವಾಗ ಜಪಾನಿನದು ಯಾಕೆ?

ಭಾವನೂ ಆಡುತ್ತಾರೆ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯ ಆ್ಯಪ್ ರೈತನ ಕೈಗೇ ಬಂತು. ತನ್ನ ಸರ್ವೆ ನಂಬರಿನೊಳಗೆ ತಾನು ಹೋಗಿ ನಿಲ್ಲಬೇಕು. ತಾನು ನಿಂತದ್ದು ತನ್ನ ಹೊಲವೇ ಎಂದು ಆಕಾಶದಲ್ಲಿರುವ ಉಪಗ್ರಹ ಒಪ್ಪಬೇಕು. ಬದುವಿನ ಆಚೆ ನಾಲ್ಕು ಹೆಜ್ಜೆ ಹೋದರೆ ಆಟ ಮುಗಿಯಿತು. ಬೆಳೆ ಆರಿಸು, ಫೋಟೊ ಹೊಡೆ, ಕಳಿಸು. ನಂತರ ಬೆಳೆ ವಿಮೆ ಎಂಬ ಕೊನೆಯ ರಾಕ್ಷಸ. ಮುಂಗಾರು ಬೆಳೆಗೆ ರೈತ ವಿಮಾ ಮೊತ್ತದ ಶೇಕಡಾ 2ರಷ್ಟು ಕಟ್ಟುತ್ತಾನೆ. ನಷ್ಟ ಲೆಕ್ಕ ಹಾಕುವುದು ಅವನ ಹೊಲ ನೋಡಿ ಅಲ್ಲ, ಪಂಚಾಯಿತಿಯಲ್ಲಿ ಆರಿಸಿದ ಕೆಲವು ತಾಕುಗಳಲ್ಲಿ ಬೆಳೆ ಕೊಯ್ದು ತೂಗಿದ ಸರಾಸರಿಯ ಮೇಲೆ. ತನ್ನ ಶೇಂಗಾ ಪೂರಾ ಒಣಗಿದ್ದರೂ ಸರಾಸರಿ ಹಸಿರಾಗಿದ್ದರೆ ರೈತ ಹಸಿರಾಗಿದ್ದಾನೆ ಎಂದೇ ಅರ್ಥ. ಡ್ರ್ಯಾಗನ್ ಕ್ವೆಸ್ಟಿನಲ್ಲಿ ಭೂತವನ್ನು ಹೊಡೆದದ್ದು ನೀನಾದರೆ ಅಂಕ ನಿನಗೆ. ಪಂಚಾಯಿತಿಯಲ್ಲಿ ಸರಾಸರಿ ಎಷ್ಟು ಭೂತ ಸತ್ತವು ಎಂದು ಯಾರೂ ಕೇಳುವುದಿಲ್ಲ.

ಅದೇ ಆಟದಲ್ಲಿ ಲೋಹದ ಮೈಯ ಒಂದು ಪುಟ್ಟ ಭೂತ ಬರುತ್ತದೆ, ಹೆಸರು ಮೆಟಲ್ ಸ್ಲೈಮ್. ಕೊಂದರೆ ರಾಶಿ ಅಂಕ, ಆದರೆ ಕತ್ತಿ ಎತ್ತುವಷ್ಟರಲ್ಲಿ ಓಡಿಹೋಗುತ್ತದೆ. ಹನಿ ನೀರಾವರಿ ಸಬ್ಸಿಡಿ ಎಂದು ಪರಿಚಯಿಸಿದರೆ ನಮ್ಮವರಿಗೆ ಬೇರೆ ವಿವರಣೆ ಬೇಡ.

ಭೂಪಟದ ವಿಷಯದಲ್ಲೂ ಹೀಗೆಯೇ. ಆಟದಲ್ಲಿ ಮುಚ್ಚಿದ ಬಾಗಿಲು ಸಿಗುತ್ತದೆ, ಮಂತ್ರದ ಕೀಲಿ ಸಿಕ್ಕ ದಿನ ತೆರೆಯುತ್ತದೆ. ಹಟ್ಟಿಯಿಂದ ಕುದಾಪುರದ ಕಡೆ ಹೋಗಿ ನೋಡಿ. ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳಿಗೆ ಹೋಯಿತು, ವಿಜ್ಞಾನ ಸಂಸ್ಥೆಯ ಪಾಲೇ 1,500 ಎಕರೆ. ಸುತ್ತ ಗೋಡೆ ಎದ್ದಿದೆ. ಕುರಿ ದನ ಮೇಯಿಸುತ್ತಿದ್ದವರಿಗೆ ಯಾವ ಹಂತದಲ್ಲೂ ಕೀಲಿ ಸಿಗುವುದಿಲ್ಲ. ಗೋಡೆಯಾಚೆ 2023ರ ಏಪ್ರಿಲ್ 2ರಂದು ಇಸ್ರೊದವರು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟರು. ಒಳಗೆ ಯಾರೂ ಇಲ್ಲದೆ ಅದು ತಾನೇ ದಾರಿ ಹಿಡಿದು ಬಂದು ಓಡುದಾರಿಯ ಮೇಲೆ ಇಳಿಯಿತು. ದೊಡ್ಡ ಸಾಧನೆ, ಹೆಮ್ಮೆಯೂ ಇದೆ. ಗೋಡೆಯ ಈಚೆಯ ಕುರಿಗಾರನಿಗೆ ಮಾತ್ರ ದಾರಿ ಹುಡುಕಿಕೊಡುವ ಯಂತ್ರ ಇನ್ನೂ ಬಂದಿಲ್ಲ.

ಹುಡುಗನಿಗೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ಅರವತ್ತು ಗಂಟೆಯಲ್ಲಿ ಎಷ್ಟೋ ಹೊತ್ತು ಅವನು ಮಾಡುವುದು ಅದೇ ಅದೇ ಭೂತಗಳನ್ನು ಅದೇ ಬಯಲಿನಲ್ಲಿ ಬಡಿಯುವ ಕೆಲಸ. ಹೊಲದಲ್ಲಿ ಕಳೆ ಕೀಳು ಎಂದರೆ ಸೊಂಟ ನೋವು ಎನ್ನುವ ಮಗರಾಯ ಇಲ್ಲಿ ರಾತ್ರಿ ಎರಡರವರೆಗೆ ಮನಸಾರೆ ಕೂಲಿ ಮಾಡುತ್ತಾನೆ, ಅದೂ ತಾನೇ ದುಡ್ಡು ಕೊಟ್ಟು. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೆವರಿಗೆ ತಕ್ಷಣ ಜಮೆಯಾಗುವ ಸ್ಥಳ ಅವನು ಕಂಡದ್ದು ಅದೊಂದೇ. ಇಂಜಿನಿಯರ್ ಅಳತೆ ಪುಸ್ತಕ ಬರೆಯುವವರೆಗೆ ಕಾಯಬೇಕಾಗಿಲ್ಲ. ಆದರೆ ಆ ಚಿನ್ನದ ನಾಣ್ಯ ಮಂಡಕ್ಕಿ ಹೋಟೆಲಿನಲ್ಲಿ ನಡೆಯುವುದಿಲ್ಲ ಎಂಬುದನ್ನು ಅವನಮ್ಮ ಜ್ಞಾಪಿಸಿದರೆ ಮುಖ ಗಂಟಿಕ್ಕಬಾರದು. ಮತ್ತೊಂದು: ಕಾಡುಗೊಲ್ಲರು ಗಣೆ ಊದಿಕೊಂಡು ರಾತ್ರಿಯೆಲ್ಲ ಹಾಡುವ ಜುಂಜಪ್ಪ, ಮ್ಯಾಸನಾಯಕರ ಗಾದ್ರಿಪಾಲನಾಯಕ, ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಇಷ್ಟು ಸರಕು ಹಟ್ಟಿಯ ಆಸುಪಾಸಿನಲ್ಲೇ ಬಿದ್ದಿದೆ. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ನಮ್ಮ ಪುರಾಣಗಳನ್ನು ಇಟ್ಟುಕೊಂಡು 'ರಾಜಿ' ಎಂಬ ಆಟ ಮಾಡಿ ಇದೇ ಸ್ವಿಚ್ಚಿನಲ್ಲಿ ಮೊದಲು ಬಿಟ್ಟಿತು. ಡಿಪ್ಲೊಮಾ ಮುಗಿಸಿದವನಿಗೆ ಜುಂಜಪ್ಪ ಕಾಯುತ್ತಿದ್ದಾನೆ. ಅದು ಬಂದ ದಿನ ಮೊದಲ ಪ್ರತಿಯ ದುಡ್ಡು ನನ್ನದು, ಗಂಟೆ ಎಣಿಸುವುದಿಲ್ಲ.

ಹೋಟೆಲಿನ ಪಂಚಾಯಿತಿ ಎಂದಿನಂತೆ ತೀರ್ಪಿಲ್ಲದೆ ಎದ್ದಿತು. ಟೀ ದುಡ್ಡು ಹುಡುಗ ಕೊಟ್ಟ. ಹಾಗಾಗಿ ತೀರ್ಪು ನಾನೇ ಕೊಡುತ್ತೇನೆ, ಇದೇ ಪೇಚಿನಲ್ಲಿರುವ ಬೇರೆ ಮನೆಗಳಿಗೂ ಉಪಯೋಗಕ್ಕೆ ಬರಲಿ.

ಕೊಳ್ಳಬಹುದು. ಪುಕ್ಕಟೆ ಆಟಗಳಿಗಿಂತ ಇದು ವಾಸಿ. ಪುಕ್ಕಟೆ ಎಂದು ಬಂದ ಪಬ್ಜಿ 2020ರ ಸೆಪ್ಟೆಂಬರಿನಲ್ಲಿ, ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ಸರ್ಕಾರದ ಒಂದು ಆದೇಶಕ್ಕೆ ಮಾಯವಾದವು, ಅವುಗಳೊಳಗೆ ಅಂಗಿ ಟೋಪಿ ಬಂದೂಕಿನ ಬಣ್ಣ ಕೊಳ್ಳಲು ಮಕ್ಕಳು ಸುರಿದ ದುಡ್ಡೂ ಅತಂತ್ರವಾಯಿತು. ಕೈಯಲ್ಲಿರುವ ಕಾರ್ಟ್ರಿಡ್ಜನ್ನು ಯಾರೂ ರಾತ್ರೋರಾತ್ರಿ ಅಳಿಸುವುದಿಲ್ಲ. ಆದ್ದರಿಂದ ಡೌನ್‌ಲೋಡ್ ಬೇಡ, ಕಾರ್ಟ್ರಿಡ್ಜೇ ಇರಲಿ. ಆಡಿ ಮುಗಿದ ಮೇಲೆ ಮಾರಬಹುದು, ಆಡಿದ ಲೆಕ್ಕ ಯಂತ್ರದೊಳಗೇ ಉಳಿಯುತ್ತದೆ. ಜಪಾನಿನ ಪ್ರತಿಯೋ ಇಂಗ್ಲಿಷ್ ಪ್ರತಿಯೋ ನೋಡಿ ಕೊಳ್ಳಿ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಅಂಗಡಿ ತೆರೆದಿಲ್ಲ, ಬರುವುದೆಲ್ಲ ಹೊರಗಿನಿಂದ ತರಿಸಿದ ಮಾಲು, ಕೆಟ್ಟರೆ ರಿಪೇರಿ ನಿಮ್ಮದೇ. ಹಟ್ಟಿಯ ಕೆಂಧೂಳು ಆ ಪುಟ್ಟ ಹಿಡಿಕೆಯ ಬುಡಕ್ಕೆ ಹೋದರೆ ಕಥಾನಾಯಕ ಒತ್ತದಿದ್ದರೂ ಬಲಗಡೆಗೆ ನಡೆಯಲು ಶುರು ಮಾಡುತ್ತಾನೆ, ಬಟ್ಟೆ ಸುತ್ತಿಡಿ. ಈ ಆಟಕ್ಕೆ ಸುಮಾರು ಹತ್ತು ಗಂಟೆ ಆಡುವ ಪುಕ್ಕಟೆ ಮಾದರಿಯೊಂದನ್ನು ಕಂಪನಿಯೇ ಬಿಟ್ಟಿದೆ, ಪೂರ್ತಿ ಆಟ ಕೊಂಡರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮೊದಲು ಅದನ್ನು ಆಡಿ ನೋಡಿ, ನೆಕ್ಕಿ ನೋಡುವುದಕ್ಕಿಂತ ಅದು ಮೇಲು. ಹತ್ತು ಗಂಟೆಯಲ್ಲೇ ಆಕಳಿಕೆ ಬಂದರೆ ದುಡ್ಡು ಉಳಿಯಿತು.

ಬೆಲೆಯ ಮಾತು: ಹೊಸದಕ್ಕೆ ನಾಲ್ಕೂವರೆ ಸಾವಿರ ಜಾಸ್ತಿ. ಶೇಂಗಾ ದುಡ್ಡು ಕೈಗೆ ಬಂದ ಮೇಲೆ, ಯಾರಾದರೂ ಆಡಿ ಮುಗಿಸಿದ ಪ್ರತಿ ಎರಡೂವರೆ ಸಾವಿರದ ಆಸುಪಾಸಿಗೆ ಸಿಕ್ಕರೆ ತೆಗೆದುಕೊಳ್ಳಿ. ಮೂರರ ಮೇಲೆ ಒಂದು ರೂಪಾಯಿಯೂ ಕೊಡಬೇಡಿ.